ತೊಟ್ಟಿ ಮತ್ತು ಪಡಸಾಲೆ: ದೋಶಿಯವರ ಒಂದು ಕೃತಿ

ಬಾಲಕೃಷ್ಣ ದೋಶಿಯವರು (1927–2023) ರೂಪಿಸಿದ ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ (ಐಐಎಂ) ಆವರಣಕ್ಕೆ ಫತೇಪುರ್ ಸಿಕ್ರಿ ಪ್ರೇರಣೆಯೆಂಬುದು ಪ್ರಸಿದ್ಧ. ಆದರೆ ಅಲ್ಲಿನ ಒರಟು ಬೂದುಗಲ್ಲಿನ ಗೋಡೆಗಳು, ಬಿಸಿಲು ನೆರಳು ಬೆರೆಯುವ ನೀಳ ಪಡಸಾಲೆಗಳು, ಬಾನಿಗೆ ತೆರೆದ ಅಂಗಳಗಳು ಜಾನಪದದ ಅಭ್ಯಾಸಿಗೆ ನಮ್ಮ ತೊಟ್ಟಿಮನೆಯನ್ನು ನೆನಪಿಸುತ್ತವೆ. ತೊಟ್ಟಿಯ ಸುತ್ತ ಕಾಳು ಹಸನಾಗುತ್ತಿತ್ತು, ಸೋಬಾನೆ ಕೇಳುತ್ತಿತ್ತು, ನ್ಯಾಯ ತೀರ್ಮಾನವಾಗುತ್ತಿತ್ತು. ಇಲ್ಲಿಯೂ ನಡೆದಾಡುವ ಪಡಸಾಲೆಯೇ ಕೂತು ಚರ್ಚಿಸುವ ತಾಣ. ಸ್ಥಳವೊಂದಕ್ಕೆ ಹಲವು ಬಳಕೆಗಳನ್ನು ಕಲ್ಪಿಸುವ ಈ ದೇಸಿ ವಿವೇಕವೇ ಕೃತಿಯ ಸತ್ವವೆಂದು ನನ್ನ ಅಭಿಪ್ರಾಯ. 2018ರಲ್ಲಿ ಪ್ರಿಟ್ಸ್‌ಕರ್ ಪ್ರಶಸ್ತಿ ಪಡೆದ ದೋಶಿಯವರು ಆ ಗೌರವಕ್ಕೆ ಪಾತ್ರರಾದ ಮೊದಲ ಭಾರತೀಯರು. ವಿನ್ಯಾಸಕಾರನ ಹೆಸರು ಚರಿತ್ರೆಗೆ ಸೇರುತ್ತದೆ. ಕಲ್ಲು ಕಡಿದು ಜೋಡಿಸಿದ ಕುಶಲಕರ್ಮಿಗಳ ಅರಿವು ಮೌಖಿಕವಾಗಿಯೇ ಉಳಿಯುತ್ತದೆ. ಅದನ್ನು ದಾಖಲಿಸದೆ ವಾಸ್ತು ವಿಮರ್ಶೆ ಪೂರ್ಣವಾಗದು.