ಕೆನೆ ಕಾಯಿಯೊಳಗೇ ಇದೆ

ಸ್ಕ್ವಾಷ್ ಅಂದರೆ ನಮ್ಮ ಕಡೆ ಬಾಟಲಿಯ ಷರಬತ್ತು, ಇಲ್ಲವೇ ಗೋಡೆಗೆ ಚೆಂಡು ಬಡಿಯುವ ಆಟ. ಅಮೆರಿಕದ ಈಶಾನ್ಯ ಮೂಲೆಯ ಮೆಸಾಚುಸೆಟ್ಸ್‌ನಲ್ಲಿ ಅಕ್ಟೋಬರ್ ತಿಂಗಳಲ್ಲಿ ಆ ಮಾತಿಗೆ ಒಂದೇ ಅರ್ಥ, ಕುಂಬಳ. ರಸ್ತೆ ಬದಿಯ ತೋಟದಂಗಡಿಗಳಲ್ಲಿ ಮರದ ಹಲಗೆ ಕಾಣದಷ್ಟು ರಾಶಿ ಬಿದ್ದಿರುತ್ತದೆ. ಕಡುಹಸಿರು ಏಣುಗಳ ಏಕಾರ್ನ್, ಬೂದಿ ಬಳಿದುಕೊಂಡಂತಿರುವ ನೀಲಿ ಹಬ್ಬರ್ಡ್, ಹಳದಿ ಮೈಗೆ ಹಸಿರು ಗೀರಿನ ಡೆಲಿಕಾಟಾ. ಇವೆಲ್ಲದರ ಆಚೆ, ಯಾವ ಬೆಡಗೂ ಇಲ್ಲದೆ, ಹದವಾಗಿ ಹಾಲು ಬೆರೆಸಿದ ಕಾಫಿಯ ಬಣ್ಣದಲ್ಲಿ, ಗಂಟೆಯಾಕಾರದಲ್ಲಿ ಮಲಗಿರುವುದೇ ಬಟರ್‌ನಟ್. ಶರತ್ಕಾಲದ ಸೂಪಿಗೆ ಅದಕ್ಕಿಂತ ಒಳ್ಳೆಯ ಕಾಯಿಯನ್ನು ನಾನು ಕಂಡಿಲ್ಲ.

ಮಗಳ ಮನೆಯಲ್ಲಿ ಎರಡು ಶರತ್ಕಾಲ ಕಳೆದೆ. ಎರಡನೇ ವರ್ಷ ಹಟ ಮಾಡಿ ಸ್ಟೋ ಎಂಬ ಊರಿಗೆ ಕರೆದುಕೊಂಡು ಹೋಗೆಂದೆ. ಬಾಸ್ಟನ್ನಿನಿಂದ ಪಶ್ಚಿಮಕ್ಕೆ, ಸೇಬಿನ ತೋಟಗಳ ನಡುವೆ ಇರುವ ಸಣ್ಣ ಊರು. ಬಟರ್‌ನಟ್ ಹುಟ್ಟಿದ್ದು ಅಲ್ಲಿ. 1940ರ ದಶಕದಲ್ಲಿ ಚಾರ್ಲ್ಸ್ ಲೆಗೆಟ್ ಎಂಬಾತ ತನ್ನ ಹೊಲದಲ್ಲಿ ಬೆಳೆಸಿದ್ದು. ಅದಕ್ಕೂ ಮೊದಲು ಅಲ್ಲಿಯ ಜನ ಬೆಳೆಯುತ್ತಿದ್ದುದು ಹಂಸದ ಕತ್ತಿನಂತೆ ಸೊಟ್ಟಗೆ ಬಾಗಿದ ಕುಂಬಳ. ಪೆಟ್ಟಿಗೆಯಲ್ಲಿ ಜೋಡಿಸಲು ಬಾರದು, ಹೆಚ್ಚಲು ಬಾರದು. ನೆಟ್ಟಗಿನ, ಕೈಗೆ ಒದಗುವ ಕಾಯಿ ಬೇಕೆಂದು ಲೆಗೆಟ್ ಅದರ ಬೆನ್ನು ಹತ್ತಿದ. ಬೆಣ್ಣೆಯಷ್ಟು ನಯ, ಅಕ್ರೋಟಿನಂಥ ಬೀಜಗಳ ಸಿಹಿ, ಎರಡೂ ಸೇರಿ ಹೆಸರಾಯಿತು ಎನ್ನುತ್ತಾರೆ. ಆಮೇಲೆ ಹತ್ತಿರದ ವಾಲ್ಥಮ್‌ನ ಕೃಷಿ ಪ್ರಯೋಗ ಕೇಂದ್ರದಲ್ಲಿ ಅದರ ಕತ್ತು ಇನ್ನಷ್ಟು ದಪ್ಪಗೆ, ಒಂದೇ ಅಳತೆಗೆ ಬರುವಂತೆ ತಿದ್ದಿದರು. 1970ರಲ್ಲಿ ಪ್ರಶಸ್ತಿ ಪಡೆದ ಆ ವಾಲ್ಥಮ್ ಬಟರ್‌ನಟ್ ಇವತ್ತಿಗೂ ಬೀಜದಂಗಡಿಗಳಲ್ಲಿ ಸಿಗುತ್ತದೆ. ಸ್ಕ್ವಾಷ್ ಎಂಬ ಮಾತು ಮಾತ್ರ ತುಂಬ ಹಳೆಯದು. ಪಕ್ಕದ ರೋಡ್ ಐಲೆಂಡ್‌ನ ಮೂಲನಿವಾಸಿಗಳಾದ ನ್ಯಾರಗಾನ್ಸೆಟ್ಟರ ನುಡಿಯಲ್ಲಿದ್ದ ‘ಅಸ್ಕುಟಾಸ್ಕ್ವಾಷ್’ ಎಂಬ ಪದವನ್ನು ರೋಜರ್ ವಿಲಿಯಮ್ಸ್ 1643ರಷ್ಟು ಹಿಂದೆಯೇ ತನ್ನ ಪುಸ್ತಕದಲ್ಲಿ ಬರೆದಿಟ್ಟ. ಹಸಿಯಾಗಿ ತಿನ್ನುವಂಥದ್ದು ಎಂದು ಅದರ ಅರ್ಥವಂತೆ.

ತೋಟದಂಗಡಿಯ ಹೆಂಗಸು ನಾನು ಆರಿಸಿದ ಕಾಯಿಯನ್ನು ಕೈಯಲ್ಲಿ ತಿರುಗಿಸಿ ನೋಡಿ, "ಒಳ್ಳೆಯದನ್ನೇ ತೆಗೆದಿದ್ದೀರಿ. ಆದರೆ ಈಗಲೇ ಕೊಯ್ಯಬೇಡಿ. ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ತೆಗೆಯಿರಿ" ಎಂದಳು. ಆ ಹಬ್ಬ ನವೆಂಬರಿನ ನಾಲ್ಕನೇ ಗುರುವಾರ. ಅಂದರೆ ಇನ್ನೂ ಆರು ವಾರ! ನನಗೆ ಅಲ್ಲೇ ಸಾಗರದ ಹಳೆಯ ಮನೆಯ ಅಟ್ಟ ನೆನಪಾಯಿತು. ಅಜ್ಜಿ ಚೀನಿಕಾಯಿ ಕೊಯ್ದ ದಿನ ಅಡುಗೆ ಮಾಡಿದ್ದನ್ನು ನಾನು ನೋಡಿಲ್ಲ. ತೊಟ್ಟನ್ನು ಗೇಣುದ್ದ ಬಿಟ್ಟು ಕೊಯ್ಯಬೇಕು, ನಾಲ್ಕು ದಿನ ಜಗುಲಿಯ ಬಿಸಿಲು ಕಾಣಿಸಬೇಕು, ಆಮೇಲೆ ಅಟ್ಟದಲ್ಲಿ ಹುಲ್ಲು ಹಾಸಿ ಒಂದಕ್ಕೊಂದು ತಾಗದಂತೆ ಇಡಬೇಕು. ಮಕ್ಕಳು ಆತುರ ಮಾಡಿದರೆ "ಅದು ಇನ್ನೂ ಕಾಯಿ, ಹಣ್ಣಾಗ್ಲಿ ತಡಿ" ಅನ್ನುತ್ತಿದ್ದಳು. ಬಳ್ಳಿಯಿಂದ ಬಿಡಿಸಿದ ಮೇಲೂ ಹಣ್ಣಾಗುತ್ತದೆ ಅನ್ನುವುದು ಅವಳಿಗೆ ಕೈ ಕಲಿಸಿದ ವಿದ್ಯೆ. ಕೃಷಿ ವಿಜ್ಞಾನ ಹೇಳುವುದೂ ಅದನ್ನೇ. ಆಗ ತಾನೇ ಕೊಯ್ದ ಕುಂಬಳದಲ್ಲಿ ಪಿಷ್ಟ ಹೆಚ್ಚು, ಸಿಹಿ ಕಡಿಮೆ. ಸುಮಾರು 10ರಿಂದ 13 ಡಿಗ್ರಿ ಸೆಲ್ಸಿಯಸ್ಸಿನ ಒಣ ಜಾಗದಲ್ಲಿ ಇಟ್ಟರೆ ವಾರ ಕಳೆದಂತೆ ಪಿಷ್ಟ ಸಕ್ಕರೆಯಾಗುತ್ತ ಹೋಗುತ್ತದೆ, ತಿರುಳಿನ ಬಣ್ಣವೂ ಗಾಢವಾಗುತ್ತದೆ. ತೀರಾ ಹೆಚ್ಚು ದಿನ ಬಿಟ್ಟರೆ ಪಿಷ್ಟವೆಲ್ಲ ಕರಗಿ ತಿರುಳು ನಾರುನಾರಾಗುತ್ತದೆ, ಆ ಸೂಪು ನೀರಾಗುತ್ತದೆ. ಒಂದರಿಂದ ಎರಡು ತಿಂಗಳು, ಅದೇ ಹದ.

ಅಜ್ಜಿಯ ಚೀನಿಕಾಯಿಯೂ ಮೆಸಾಚುಸೆಟ್ಸ್‌ನ ಬಟರ್‌ನಟ್ಟೂ ಬೇರೆ ಜಾತಿಯವಲ್ಲ. ಸಸ್ಯಶಾಸ್ತ್ರ ಎರಡಕ್ಕೂ ಕುಕುರ್ಬಿಟಾ ಮೊಸ್ಕಾಟಾ ಎನ್ನುತ್ತದೆ. ಹೆಸರಲ್ಲಿ ಚೀನಿ ಇದ್ದರೂ ಅದು ಅಮೆರಿಕ ಖಂಡದಿಂದ ಸಮುದ್ರ ದಾಟಿ ನಮ್ಮ ಹಿತ್ತಿಲಿಗೆ ಬಂದ ಬಳ್ಳಿ. ಆಯುಧಪೂಜೆಯ ದಿನ ಒಡೆಯುವ, ಕಾಶಿಹಲ್ವಾ ಮಾಡುವ ಬೂದುಗುಂಬಳ ಮಾತ್ರ ಬೇರೆಯದೇ ಕುಲದ್ದು. ಅದರಲ್ಲಿ ಈ ಸೂಪು ಆಗದು.

ಈಗ ಕೆನೆಯ ಮಾತು. ಕುಂಬಳದ ಸೂಪು ಎಂದು ಹೋಟೆಲುಗಳಲ್ಲಿ ಕೊಡುವುದರಲ್ಲಿ ಮುಕ್ಕಾಲು ಪಾಲು ಕ್ರೀಮಿನ ರುಚಿಯೇ ಇರುತ್ತದೆ. ಕಾಯಿಯನ್ನು ನೀರಲ್ಲಿ ಕುದಿಸಿ, ರುಚಿಯೆಲ್ಲ ನೀರಿಗೆ ಬಿಟ್ಟು, ತೆಳ್ಳಗಾದದ್ದನ್ನು ಮರೆಸಲು ಬಟ್ಟಲುಗಟ್ಟಲೆ ಕ್ರೀಮ್ ಸುರಿಯುತ್ತಾರೆ. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಈ ಕಾಯಿಯಲ್ಲಿ ನೂರಕ್ಕೆ 86 ಪಾಲು ನೀರೇ ಇದೆ. ಅದಕ್ಕೆ ಮತ್ತೆ ನೀರು ಕುಡಿಸುವುದು ಯಾಕೆ? ಇದ್ದ ನೀರನ್ನು ಹೊರಹಾಕಿದರೆ ಉಳಿಯುವ ತಿರುಳೇ ಕೆನೆ. ಅದಕ್ಕೆ ಸುಡಬೇಕು.

ಕಿಲೋಗಿಂತ ತುಸು ಹೆಚ್ಚು ತೂಗುವ ಒಂದು ಬಟರ್‌ನಟ್ ನಾಲ್ಕು ಜನಕ್ಕೆ ಸಾಕು. ಕತ್ತು ಉದ್ದ, ದಪ್ಪ ಇರುವುದನ್ನೇ ಆರಿಸಿ. ಬೀಜವೆಲ್ಲ ಬುಡದ ಗುಂಡಿನಲ್ಲಿ ಇರುತ್ತದೆ, ಕತ್ತು ಪೂರ್ತಿ ತಿರುಳು. ಸಿಪ್ಪೆ ತೆಗೆಯುವ ಗೋಜಿಗೆ ಹೋಗಬೇಡಿ. ಮೊದಲ ವರ್ಷ ನಾನು ಹೋಗಿದ್ದೆ. ಸಿಪ್ಪೆಯ ಕೆಳಗಿನ ಹಸಿರು ಗೆರೆಯಿಂದ ಅಂಟು ಸೋನೆ ಹನಿಹನಿಯಾಗಿ ಮೂಡಿತು. ಅರ್ಧ ಗಂಟೆಯಲ್ಲಿ ಎಡಗೈ ಬೆರಳ ತುದಿಗಳು ಬಿಗಿದುಕೊಂಡವು, ಚರ್ಮದ ಮೇಲೆ ಒಣಗಿದ ಗೋಂದಿನಂಥ ಕಿತ್ತಳೆ ಪೊರೆ. ಸೋಪಿಗೆ ಜಗ್ಗಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದರೂ ಮರುದಿನದವರೆಗೆ ಚರ್ಮ ಸುಲಿಯುತ್ತಲೇ ಇತ್ತು. ಹಲಸಿನಕಾಯಿಗೆ ಕೈಗೆಣ್ಣೆ ಸವರಿಕೊಂಡು ಕೂರುವ ನಾವು ಇದಕ್ಕೂ ಹಾಗೇ ಮಾಡಬೇಕು. ಅಥವಾ ಸಿಪ್ಪೆಯ ಸಮೇತ ಸುಟ್ಟರೆ ಆ ತೊಂದರೆಯೇ ಇಲ್ಲ, ಬೆಂದ ಮೇಲೆ ಅದು ತಾನಾಗಿ ಬಿಟ್ಟುಕೊಳ್ಳುತ್ತದೆ.

ಉದ್ದಕ್ಕೆ ಎರಡು ಹೋಳು ಮಾಡಿ, ಬೀಜ ನಾರು ಚಮಚದಲ್ಲಿ ಕೆರೆದು ತೆಗೆಯಿರಿ. ಎಸೆಯಬೇಡಿ, ಅದರ ಕೆಲಸ ಬಾಕಿ ಇದೆ. ಹೋಳಿನ ಮೈಗೆ ಎಣ್ಣೆ, ಉಪ್ಪು ಸವರಿ, ಬೀಜ ತೆಗೆದ ಗುಳಿಯಲ್ಲಿ ಸಿಪ್ಪೆಯ ಸಮೇತ ನಾಲ್ಕು ಎಸಳು ಬೆಳ್ಳುಳ್ಳಿ ಇಟ್ಟು, ಕವುಚಿ ಟ್ರೇಗೆ ಒತ್ತಿ ಮಲಗಿಸಿ. ಓವನ್ 200 ಡಿಗ್ರಿ ಇರಲಿ. 50 ನಿಮಿಷದ ಹೊತ್ತಿಗೆ ಮನೆಯಲ್ಲಿ ಕೆಂಡದಲ್ಲಿ ಸುಟ್ಟ ಗೆಣಸಿನ ಪರಿಮಳ ಏಳುತ್ತದೆ. ಕತ್ತಿನ ದಪ್ಪ ಭಾಗಕ್ಕೆ ಚಾಕು ಚುಚ್ಚಿದರೆ ಬೆಣ್ಣೆಗೆ ಇಳಿದಂತೆ ಇಳಿಯಬೇಕು. ಮಗುಚಿ ನೋಡಿದರೆ ಟ್ರೇಗೆ ತಾಗಿದ ಮುಖ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿರುತ್ತದೆ. ಸೂಪಿನ ಅರ್ಧ ರುಚಿ ಆ ಒಂದು ಪದರದಲ್ಲಿದೆ.

ಅದು ಬೇಯುವಷ್ಟರಲ್ಲಿ ತೆಗೆದಿಟ್ಟ ಬೀಜ, ನಾರು, ಈರುಳ್ಳಿಯ ಹೊರಪದರ ಇವಕ್ಕೆ ಮುಕ್ಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚೇ ನೀರು ಹಾಕಿ ಸಣ್ಣ ಉರಿಯಲ್ಲಿ 20 ನಿಮಿಷ ಕುದಿಸಿ ಸೋಸಿಕೊಳ್ಳಿ. ತೆಳು ಕಿತ್ತಳೆ ಬಣ್ಣದ, ಕುಂಬಳದ್ದೇ ಪರಿಮಳದ ಕಟ್ಟು ಸಿಗುತ್ತದೆ. ಡಬ್ಬಿಯ ಸ್ಟಾಕ್ ಇದರ ಹತ್ತಿರಕ್ಕೂ ಬಾರದು. ಇನ್ನೊಂದು ಕಡೆ ದೊಡ್ಡ ಈರುಳ್ಳಿಯೊಂದನ್ನು ಸಣ್ಣಗೆ ಹೆಚ್ಚಿ ಎರಡು ಚಮಚ ಬೆಣ್ಣೆಯಲ್ಲಿ ಬಾಡಿಸಿ. ಉರಿ ಎಷ್ಟು ಸಣ್ಣಗಿರಬೇಕೆಂದರೆ ಬೆಣ್ಣೆ ಗುಳುಗುಳು ಅನ್ನಬೇಕೇ ಹೊರತು ಚುರ್ ಅನ್ನಬಾರದು. ಕಾಲು ಗಂಟೆ ಹಿಡಿಯುತ್ತದೆ. ಕೆಂಪಾದರೆ ಸೂಪಿನ ಬಣ್ಣ ಕೆಡುತ್ತದೆ. ಅರ್ಧ ಹುಳಿಸೇಬನ್ನು ಹೆಚ್ಚಿ ಅದಕ್ಕೇ ಸೇರಿಸಿ. ಸ್ಟೋ ಊರಿನಿಂದ ಕುಂಬಳ ತಂದವರು ಸೇಬು ತಾರದೆ ಬರುವುದುಂಟೇ? ಬರಿಯ ಸಿಹಿಯನ್ನು ಎರಡು ಚಮಚಕ್ಕೆ ನಾಲಿಗೆ ಸಾಕೆನ್ನುತ್ತದೆ. ಹಿಂದೆ ಒಂದೆಳೆ ಹುಳಿ ಇದ್ದರೆ ಬಟ್ಟಲು ಮುಗಿಯುತ್ತದೆ.

ತಿರುಳು, ಸುಟ್ಟ ಬೆಳ್ಳುಳ್ಳಿ, ಈರುಳ್ಳಿ, ಸೇಬು, ಕಟ್ಟು ಎಲ್ಲ ಸೇರಿಸಿ ಐದು ನಿಮಿಷ ಕುದಿಸಿದ ಮೇಲೆ ರುಬ್ಬುವ ಕೆಲಸ. ಇಲ್ಲಿ ದಯವಿಟ್ಟು ನಿಧಾನಿಸಿ. ಮೊದಲ ವರ್ಷ ನಾನು ಕುದಿಯುತ್ತಿದ್ದುದನ್ನು ಹಾಗೇ ಜಾರಿನ ಕಂಠದವರೆಗೆ ತುಂಬಿ ಮುಚ್ಚಳ ಹಾಕಿ ಗುಂಡಿ ಒತ್ತಿದೆ. ಒಳಗಿನ ಆವಿ ಒಮ್ಮೆಲೇ ಹಿಗ್ಗಿ ಮುಚ್ಚಳ ಹಾರಿತು, ಬಲ ಮುಂಗೈ ಬೆಂದಿತು. ಆ ಕಲೆ ಮಾಯಲು ಚಳಿಗಾಲ ಕಳೆಯಬೇಕಾಯಿತು. ಜಾರಿಗೆ ಅರ್ಧ ಮಾತ್ರ ತುಂಬಿ, ಮುಚ್ಚಳದ ನಡುವಿನ ಸಣ್ಣ ಬಿರಡೆ ತೆಗೆದು, ಅದರ ಮೇಲೆ ಮಡಿಸಿದ ದಪ್ಪ ಬಟ್ಟೆ ಇಟ್ಟು, ಕಡಿಮೆ ವೇಗದಲ್ಲಿ ಶುರು ಮಾಡಿ. ನಮ್ಮ ಮಿಕ್ಸಿಯ ಜಾರಿಗೆ ಬಿಸಿ ಹಾಕುವುದೇ ಬೇಡ, ಪೂರ್ತಿ ಆರಲಿ. ಶುರುವಾದ ಮೇಲೆ ಮಾತ್ರ ಧಾರಾಳವಾಗಿ ತಿರುಗಿಸಿ, ಪೂರ್ತಿ ಎರಡು ನಿಮಿಷ. ಮೂವತ್ತು ಸೆಕೆಂಡಿಗೆ ನಯವಾದಂತೆ ಕಾಣುತ್ತದೆ, ನಾಲಿಗೆಗೆ ಮಾತ್ರ ತರಿ ಸಿಗುತ್ತದೆ. ಎರಡು ನಿಮಿಷಕ್ಕೆ ತಿರುಳಿನ ಕಣ ಒಡೆದು ಪಿಷ್ಟ, ಬೆಣ್ಣೆ, ನೀರು ಒಂದಾಗಿ ಸೂಪಿಗೆ ಹೊಳಪು ಬರುತ್ತದೆ. ಕುಂಬಳದ ಕಿತ್ತಳೆ ಬಣ್ಣ ಕೊಬ್ಬಿನಲ್ಲಿ ಕರಗುವಂಥದ್ದು. ಆ ಎರಡು ಚಮಚ ಬೆಣ್ಣೆ ಇಲ್ಲಿ ಬಣ್ಣವನ್ನೂ ಹೊತ್ತು ತರುತ್ತದೆ. ಆಮೇಲೆ ಜರಡಿಯಲ್ಲಿ ಸೌಟಿನ ಬೆನ್ನಿನಿಂದ ತಿಕ್ಕಿ ಸೋಸಿ. ರಾಗಿ ಅಂಬಲಿಗಿಂತ ಒಂದಿಷ್ಟು ಗಟ್ಟಿ ಇರಬೇಕು. ಸೌಟಿನ ಬೆನ್ನ ಮೇಲೆ ಬೆರಳಾಡಿಸಿದರೆ ಗೆರೆ ನಿಲ್ಲಬೇಕು. ಉಪ್ಪು, ಆಗಷ್ಟೇ ಕುಟ್ಟಿದ ಕಾಳುಮೆಣಸು, ಜಾಯಿಕಾಯಿಯನ್ನು ಎರಡು ಸಲ ತುರಿಮಣೆಗೆ ಉಜ್ಜಿದಷ್ಟು. ಬೆಣ್ಣೆಯಲ್ಲಿ ಗರಿಗರಿ ಮಾಡಿದ ನಾಲ್ಕು ಸೇಜ್ ಎಲೆ ಮೇಲೆ.

ಅಲ್ಲಿಯ ಅನೇಕ ಪಾಕಪುಸ್ತಕಗಳು ಇದಕ್ಕೆ ಕರಿ ಪೌಡರ್ ಹಾಕಿ ಎನ್ನುತ್ತವೆ. ನಾನು ಒಪ್ಪುವುದಿಲ್ಲ. ಅರಿಸಿನ, ಮೆಂತ್ಯ, ಜೀರಿಗೆಗಳ ಆ ಒಣ ಪುಡಿ ಸುಟ್ಟ ಕುಂಬಳದ ಮೆಲುದನಿಯನ್ನು ಪೂರ್ತಿ ಮುಚ್ಚಿಬಿಡುತ್ತದೆ. ಮಸಾಲೆ ಬೇಕೆನ್ನಿಸಿದ ದಿನ ಚೀನಿಕಾಯಿಯ ಸಾಸಿವೆಯನ್ನೋ ಹುಳಿಯನ್ನೋ ಮಾಡಿದರಾಯಿತು.

"ಅಮ್ಮಾ, ಒಂದು ಹನಿಯಾದ್ರೂ ಕ್ರೀಮ್ ಹಾಕು, ಬಂದವರು ಏನಂದ್ಕೋತಾರೆ" ಅಂದಳು ಮಗಳು. ಥ್ಯಾಂಕ್ಸ್‌ಗಿವಿಂಗ್ ರಾತ್ರಿ ಅವಳ ಕಚೇರಿಯ ಆರು ಜನ ಬಂದಿದ್ದರು. ಹಾಕಲಿಲ್ಲ. ಎರಡನೇ ಬಟ್ಟಲು ಬಡಿಸುವಾಗ ಅವರಲ್ಲೊಬ್ಬರು, ಹೈಟಿಯಲ್ಲಿ ಹುಟ್ಟಿದವರು, ಎಷ್ಟು ಕ್ರೀಮ್ ಹಾಕಿದ್ದೀರಿ ಎಂದು ಕೇಳಿದರು. ಇಲ್ಲ ಅಂದಾಗ ನಕ್ಕು, ನಮ್ಮ ಮನೆಗೆ ಜನವರಿ 1ಕ್ಕೆ ಬನ್ನಿ ಎಂದರು.

ಹೋದೆವು. ಬಾಸ್ಟನ್ ಸುತ್ತ ಹೈಟಿಯಿಂದ ಬಂದವರ ಮನೆಗಳು ಬಹಳ. ವರ್ಷದ ಮೊದಲ ದಿನ ಅಲ್ಲೆಲ್ಲ ಕುಂಬಳದ ಸೂಪು ಬೇಯುತ್ತಿರುತ್ತದೆ, ಸೂಪ್ ಜೂಮೂ. ಫ್ರೆಂಚರ ಆಳ್ವಿಕೆಯಲ್ಲಿ ಗುಲಾಮರು ಬೆಳೆದು, ಬೇಯಿಸಿ ಬಡಿಸುತ್ತಿದ್ದ ಸೂಪು ಅದು. ತಿನ್ನುವ ಹಕ್ಕು ಒಡೆಯರದ್ದು ಮಾತ್ರ. 1804ರ ಜನವರಿ 1ರಂದು ಹೈಟಿ ಸ್ವತಂತ್ರವಾದಾಗ ಜನ ಅದೇ ಸೂಪನ್ನು ತಾವು ಉಂಡರು. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ಹೊಸ ವರ್ಷ ಉಣ್ಣುತ್ತಾರೆ. 2021ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅವರ ವಾಡಿಕೆಯಂತೆ ಅದಕ್ಕೆ ದನದ ಮಾಂಸ ಬೀಳುತ್ತದೆ. ನಮಗಾಗಿ ಮನೆಯೊಡತಿ ಬೇರೆ ಪಾತ್ರೆಯಲ್ಲಿ ಎಲೆಕೋಸು, ಗಜ್ಜರಿ, ಆಲೂಗಡ್ಡೆ ಹಾಕಿ ಮಾಡಿಟ್ಟಿದ್ದರು. ದಪ್ಪ, ಖಾರ, ನಿಂಬೆಹುಳಿ. ನನ್ನ ಸೂಪಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ಆದರೆ ಅದಕ್ಕೂ ಕ್ರೀಮ್ ಇರಲಿಲ್ಲ, ಅದರ ಮೈಯೂ ಕುಂಬಳದ್ದೇ. ಮೊದಲ ಚಮಚ ಬಾಯಿಗಿಡುವ ಮುನ್ನ ಮೇಜಿನ ಸುತ್ತ ಎಲ್ಲರೂ ಒಂದು ಗಳಿಗೆ ಸುಮ್ಮನಾದರು. ನಾವೂ ಸುಮ್ಮನಾದೆವು.

ಊರಿಗೆ ಬಂದ ಮೇಲೆ ಚೀನಿಕಾಯಲ್ಲಿ ಮಾಡುತ್ತಿದ್ದೇನೆ. ನಮ್ಮದರಲ್ಲಿ ನೀರು ಇನ್ನೂ ಹೆಚ್ಚು, ನಾರೂ ಇದೆ. ಓವನ್ ಇಲ್ಲದವರು ದಪ್ಪ ತಳದ ಬಾಣಲೆಗೆ ಬೆಣ್ಣೆ ಹಾಕಿ, ಹೋಳುಗಳನ್ನು ಒಂದೇ ಪದರವಾಗಿ ಹರಡಿ, ಮೊದಲು ಮುಚ್ಚಿ ಬೇಯಿಸಿ, ಆಮೇಲೆ ಮುಚ್ಚಳ ತೆಗೆದು ನೀರು ಇಂಗಿ ಅಂಚು ಕೆಂಪಾಗುವವರೆಗೆ ಬಿಡಿ. ಸೇಬಿನ ಬದಲು ಒಂದೆರಡು ಹನಿ ನಿಂಬೆ, ಸೇಜ್ ಎಲೆಯ ಬದಲು ಏನೂ ಬೇಡ. ಕೊಳ್ಳುವಾಗ ಉಗುರು ಊರಿ ನೋಡಿ, ಸಿಪ್ಪೆಗೆ ಇಳಿಯಬಾರದು. ತೊಟ್ಟು ಒಣಗಿ ಬಿರಡೆಯಂತಾಗಿರಬೇಕು. ಅಂಗಡಿಯವರು ಹೋಳು ಮಾಡಿಟ್ಟದ್ದನ್ನು ಈ ಸೂಪಿಗೆ ತರಬೇಡಿ. ಅದು ಎಷ್ಟು ದಿನ ಕಾದಿದೆ ಎಂದು ಹೋಳು ನೋಡಿ ತಿಳಿಯುವುದಿಲ್ಲ.

ಮೊನ್ನೆ ಸಂತೆಯಿಂದ ತಂದದ್ದರ ತೊಟ್ಟು ಇನ್ನೂ ಹಸಿರಿದೆ. ಅಡುಗೆಮನೆಯ ಮೂಲೆಯಲ್ಲಿ ಗೋಣಿಚೀಲ ಹಾಸಿ, ಗೋಡೆಗೆ ತಾಗದ ಹಾಗೆ ಇಟ್ಟಿದ್ದೇನೆ. ದೀಪಾವಳಿಯ ಕಡುಬಿಗೆ ಅದನ್ನೇ ಕೊಯ್ಯೋಣ ಎಂದು ತಂಗಿ ಫೋನ್ ಮಾಡಿದ್ದಳು. ಕಡುಬಿಗೆ ಬೇರೆ ತಾ, ಇದು ಇನ್ನೂ ಕಾಯಿ ಅಂದೆ.