ಬೆಟ್ಟ ಹತ್ತಿದ ಪದ, ಹಟ್ಟಿಯಲ್ಲುಳಿದ ಹಾಡುಗಾರ

'ಸೋಜುಗಾದ ಸೂಜುಮಲ್ಲಿಗೆ' ಕೇಳದ ಕಿವಿ ಈಗ ಕರ್ನಾಟಕದಲ್ಲಿ ಸಿಗೋದು ಕಷ್ಟ. ಎಮ್ಮಿಗನೂರಿನ ನಮ್ಮ ಕೇರಿಯ ಮದುವೆಯಲ್ಲೂ ಅದೇ, ಕಂಪ್ಲಿಯ ಮೊಬೈಲ್ ಅಂಗಡಿಯಲ್ಲೂ ಅದೇ. ಕೊಯಮತ್ತೂರಿನ ಈಶ ಯೋಗ ಕೇಂದ್ರದ ಶಿವರಾತ್ರಿ ವೇದಿಕೆಯ ಮೇಲೆ ಅನನ್ಯ ಭಟ್ ಹಾಡಿದರು. ಕನ್ನಡ ಬಾರದವರೂ ಕಣ್ಣು ಮುಚ್ಚಿ ತಲೆದೂಗಿದರು. 2021ರಲ್ಲಿ ರಾಜ್ ಬಿ. ಶೆಟ್ಟಿಯವರ 'ಗರುಡ ಗಮನ ವೃಷಭ ವಾಹನ' ಬಂದ ಮೇಲಂತೂ ಕಾಲೇಜು ಹುಡುಗರ ಬಾಯಲ್ಲೆಲ್ಲ ಅದು ಕುಂತುಬಿಟ್ಟಿತು.

ಪದ ನಮಗೂ ಇಷ್ಟ. ಇದನ್ನ ಮೊದಲೇ ಹೇಳಿಬಿಡ್ತೀವಿ, ಇಲ್ಲಾಂದ್ರ ಹೊಟ್ಟೆಕಿಚ್ಚು ಅಂತೀರಿ.

ಇದು ನಮ್ಮ ಬಳ್ಳಾರಿ ಸೀಮೆಯದಲ್ಲ. ಚಾಮರಾಜನಗರದ ಕಡೆಯ ಮಲೆ ಮಾದಪ್ಪನ ಪದ. ಕಂಸಾಳೆ ಹಿಡಿದ ದೇವರಗುಡ್ಡರು, ಕುರುಬರು ಮೊದಲಾದ ದುಡಿವ ಜನ, ತಲೆಯಿಂದ ತಲೆಗೆ ದಾಟಿಸಿಕೊಂಡು ಬಂದದ್ದು. ಪಾತ್ರೆ ತಿಕ್ಕಿ ಬೆಳಗಿ, ತುಪ್ಪ ಕಾಯಿಸಿ, ಹಣ್ಣು ಹೊತ್ತುಕೊಂಡು ಬಂದವರು ದೇವರೆದುರು ನಿಂತು ಲೆಕ್ಕ ಒಪ್ಪಿಸುವ ಹಾಡು. ಇಲ್ಲಿ ಭಕ್ತಿ ಅಂದ್ರ ಮೈಮುರಿದು ಮಾಡಿದ ಕೆಲಸ. ವೇದಿಕೆಯ ಹಾಡಿಕೆಯಲ್ಲಿ ಈ ದುಡಿಮೆ ಕರಗಿ ಧ್ಯಾನವಾಗಿದೆ. ಕಂಚಿನ ಬಟ್ಟಲು ಬಡಿದುಕೊಳ್ಳುವ ಸದ್ದು ಹಿಂದೆ ಸರಿದು, ದನಿ ಮಂಜಿನ ಹಾಗೆ ಹರಡುತ್ತದೆ. ಚೆಂದ ಇಲ್ಲ ಅಂತ ಯಾರು ಹೇಳ್ತಾರ? ಆದರೆ ಬೆವರಿನ ವಾಸನೆ ತೊಳೆದ ಮೇಲೆ ಉಳಿದ ಚೆಂದ ಅದು.

ಸಿನಿಮಾದಲ್ಲಿ ಕೊಂದವನು ಮಳೆಯೊಳಗೆ ಕುಣಿಯುವಾಗ ಹಿಂದೆ ಇದೇ ಪದ. ದೇವರ ಹಾಡನ್ನು ಕೊಲೆಗೆ ಕೂಡಿಸಿದರೆಂದು ಮಾದಪ್ಪನ ಕೆಲವು ಭಕ್ತರು ಸಿಟ್ಟಾದರು. ನಮ್ಮ ತಕರಾರು ಅದಲ್ಲ. ಮಾದಪ್ಪನ ಕಾವ್ಯದೊಳಗೇ ಬೇಕಾದಷ್ಟು ಸಿಟ್ಟು, ರಕ್ತ ಅದಾವ. ದೇವತೆಗಳನ್ನೇ ಸೆರೆಯಲ್ಲಿಟ್ಟು ದುಡಿಸಿಕೊಳ್ಳುವ ಶ್ರವಣನೆಂಬ ದೊರೆ ಅಲ್ಲಿದ್ದಾನೆ. ಅವನನ್ನು ಮುಗಿಸಲು ಹರಳಯ್ಯ ಮಾಡಿಕೊಟ್ಟ ಎಕ್ಕಡವೇ ಬೇಕಾಗುತ್ತದೆ. ಗಂಡನ ಸಂಶಯಕ್ಕೆ ಸಿಕ್ಕು ಕಾಡಿನಲ್ಲಿ ಚಿತ್ರಹಿಂಸೆ ಉಂಡ ಸೋಲಿಗರ ಸಂಕಮ್ಮ ಇದ್ದಾಳೆ. ನಿಜ ಹೇಳಬೇಕಂದ್ರ, ಯೋಗದ ವೇದಿಕೆಗಿಂತ ಆ ಸಿನಿಮಾವೇ ಪದದ ಖದರನ್ನು ಹೆಚ್ಚು ಹಿಡಿದಿದೆ. ಆದರೂ ಎರಡೂ ಕಡೆ ನಾಲ್ಕಾರು ನಿಮಿಷದ ಹೂವಷ್ಟೇ ದಾಟಿತು. ರಾತ್ರಿಯಿಡೀ ಹಾಡುವ ಬಳ್ಳಿ, ಬೇರು, ಹರಳಯ್ಯ, ಸಂಕಮ್ಮ ಎಲ್ಲ ಇತ್ತಲೇ ಉಳಿದರು.

ಹೋದ ವರ್ಷ ನಮ್ಮ ಕೇರಿಯ ಒಂದು ಮದುವೆಯಲ್ಲಿ ಇದನ್ನು ಹಾಕಿದಾಗ, ಸೋಬಾನೆ ಹಾಡುವ ಅಜ್ಜಿಯೊಬ್ಬಳು ಕೇಳಿದಳು: "ಯಾರ ಪದಪಾ ಇದು?" ಹಾಡಿದಾಕೆಯ ಹೆಸರು ಹೇಳಿದೆವು. "ಆಕಿ ಹಾಡ್ಯಾಳ, ಖರೆ. ಪದ ಯಾರದು?" ಮೊಬೈಲ್ ನೋಡಿ ಜಾನಪದ ಅಂದೆವು. ಅಜ್ಜಿ ಸುಮ್ಮನಾದಳು. ನಮಗೆ ಮಾತ್ರ ಉಂಡದ್ದು ಇಳಿಯಲಿಲ್ಲ.

ಜಾನಪದ ಎಂಬ ಈ ಮಾತು ಬಲು ಅನುಕೂಲದ್ದು. ಎಲ್ಲರದೂ ಅಂದಾಗ ಕೇಳಲು ಹಿತ. ಯಾರದೂ ಅಲ್ಲ ಅಂದಾಗ ಎತ್ತಿಕೊಂಡು ಹೋಗಲು ಹಗುರ. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಒಂದು ಕುಲ, ಒಂದು ಸೀಮೆ ಕೂಡಿ ಕಟ್ಟಿದ ಪದಕ್ಕೆ ಒಡೆಯರಿಲ್ಲ. ಅದೇ ಪದವನ್ನು ಸ್ಟುಡಿಯೋದಲ್ಲಿ ಮುದ್ರಿಸಿದರೆ ಆ ಮುದ್ರಣಕ್ಕೆ 60 ವರ್ಷ ಒಡೆತನ. ಊರಿನ ಗೋಮಾಳಕ್ಕೆ ಬೇಲಿ ಹಾಕೋದು ಹೆಂಗಂತ ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಿಲ್ಲ.

ಹೆಸರು ಬರೆಯಲು ಆಗೋದಿಲ್ಲ ಅನ್ನಬೇಡಿ. ನಮ್ಮ ಪಕ್ಕದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇದೇ ಮಾದೇಶ್ವರ ಕಾವ್ಯವನ್ನು ಕೆ. ಕೇಶವನ್ ಪ್ರಸಾದ್ ಅವರ ಸಂಪಾದನೆಯಲ್ಲಿ ಅಚ್ಚು ಮಾಡಿತು. ಹಾಡಿದವರು ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಎಂದು ಆ ಪುಸ್ತಕವೇ ಹೇಳುತ್ತದೆ. ಪುಸ್ತಕ ಓದುವವರು ಎಷ್ಟು ಮಂದಿ, ಹಾಡು ಕೇಳುವವರು ಎಷ್ಟು ಮಂದಿ, ಲೆಕ್ಕ ನೀವೇ ಹಾಕಿ.

ಇನ್ನು ನಮ್ಮ ದರೋಜಿಯ ಈರಮ್ಮ. ಬುಡ್ಗಜಂಗಮರ ಅಲೆಮಾರಿ ಹೆಣ್ಣುಮಗಳು, ಅಕ್ಷರ ಕಲಿತವಳಲ್ಲ. ಕುಮಾರರಾಮನೂ ಸೇರಿ ಹನ್ನೆರಡು ಕಾವ್ಯ ಆಕೆಯ ನಾಲಿಗೆಯ ಮೇಲಿದ್ದವು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2003ರಲ್ಲಿ ನಾಡೋಜ, 2014ರಲ್ಲಿ ತೀರಿಕೊಂಡಳು. ಶಾಲು, ಹಾರ ಎಲ್ಲ ಬಂತು. ಆಕೆಯ ಒಂದು ಪದವೂ ಮದುವೆ ಮನೆಯ ಸ್ಪೀಕರಿಗೆ ದಾಟಲಿಲ್ಲ. ಅಲ್ಲಿ ಪದ ದಾಟಿತು, ಹಾಡಿದವರು ಉಳಿದರು. ಇಲ್ಲಿ ಹೆಸರು ದಾಟಿತು, ಪದ ಉಳಿಯಿತು. ಎರಡೂ ಒಟ್ಟಿಗೆ ಹೊಸ್ತಿಲು ದಾಟಿದ್ದನ್ನ ನಾವಿನ್ನೂ ನೋಡಿಲ್ಲ.

ಬೆಟ್ಟ ಹತ್ತುವವರು ಹಟ್ಟಿಯ ಹಂಬಲ ಬಿಡಬೇಕೆಂಬ ಮಾತು ಆ ಪದದೊಳಗೇ ಬರುತ್ತದೆ. ದೇವರ ಬೆಟ್ಟಕ್ಕೆ ಹೇಳಿದ್ದನ್ನು ಪದ ಪೇಟೆಯ ಬೆಟ್ಟಕ್ಕೂ ಪಾಲಿಸಿದೆ.

ಬೇರೆಯವರನ್ನೇ ಬೈದು ಕೈ ತೊಳೆದುಕೊಳ್ಳಲು ನಮಗೆ ಮುಖವಿಲ್ಲ. ಏಪ್ರಿಲ್ 14ರ ಮೆರವಣಿಗೆಗೆ ನಾವು ಕಟ್ಟುವ ಹೋರಾಟದ ಹಾಡುಗಳ ಮಟ್ಟು ಎಲ್ಲಿಂದ ಬಂದವು? ನಮ್ಮವ್ವಂದಿರು ನಾಟಿ ಗದ್ದೆಯಲ್ಲಿ ಹಾಡಿದ್ದನ್ನೇ ಎತ್ತಿಕೊಂಡಿದ್ದೇವೆ. ಹಾಳೆಯ ತಲೆಗೆ 'ಜಾನಪದ ಧಾಟಿ' ಅಂತ ಬರೆದು, ಕೆಳಗೆ ದಪ್ಪಕ್ಷರದಲ್ಲಿ ನಮ್ಮ ಹೆಸರು ಹಾಕಿಕೊಂಡಿದ್ದೇವೆ. ಗದ್ದೆಯಲ್ಲಿ ಮೊದಲು ದನಿ ಎತ್ತುತ್ತಿದ್ದಾಕೆ ಯಾರೆಂದು ಈ ಸಲ ಮನೆಯಲ್ಲಿ ಕೇಳಿದೆವು. ಮೂರು ಹೆಸರು ಸಿಕ್ಕಿವೆ. ಒಬ್ಬಾಕೆ ಇನ್ನೂ ಬದುಕಿದ್ದಾಳೆ.