ಕೊಂಡು ತಂದ ವಿಳಾಸಗಳು

ಇಮೇಲ್ ಮೂಲಕ ಮಾಲು ಮಾರಲು ಹೊರಟವರಿಗೆ ಸಿಗುವ ಉಪದೇಶ ಎಲ್ಲ ಕಡೆ ಒಂದೇ: ತಲೆಬರಹ ಕಣ್ಸೆಳೆಯಲಿ, ಬೆಳಿಗ್ಗೆ ಹತ್ತಕ್ಕೆ ಕಳಿಸಿ, ವಾರಕ್ಕೆರಡು ತಪ್ಪಿಸಬೇಡಿ. ಬೈಲಹೊಂಗಲದ ಅಂಗಡಿಕಾರನಿಗೂ ಇದೇ ಪಾಠ. ಯಾರಿಗೆ ಕಳಿಸಬೇಕು ಎಂಬ ಮೊದಲ ಪ್ರಶ್ನೆಯನ್ನೇ ಈ ಪಾಠ ಮುಟ್ಟುವುದಿಲ್ಲ. ವ್ಯಾಪಾರ ಕೆಡುವುದು ಅಲ್ಲಿ.

ಸವದತ್ತಿಯನ್ನೇ ನೋಡಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಜನ ಚಕ್ಕಡಿ, ಟ್ರ್ಯಾಕ್ಟರು ಕಟ್ಟಿಕೊಂಡು ಎಲ್ಲಮ್ಮನ ಗುಡ್ಡಕ್ಕೆ ಬರುತ್ತಾರೆ. ಭಂಡಾರ, ಬಳೆ ಕೊಳ್ಳುತ್ತಾರೆ. ಆ ವ್ಯಾಪಾರಕ್ಕೆ ಇಮೇಲ್ ಬೇಡ, ಪಂಚಾಂಗ ಸಾಕು. ಇನ್ನು ಊರ ಗಿರಾಕಿಯ ಇಮೇಲ್ ಐಡಿ ಎಂದರೆ ಹೊಸ ಫೋನು ಕೊಂಡ ದಿನ ಮೊಬೈಲ್ ಅಂಗಡಿಯ ಹುಡುಗ ಮಾಡಿಕೊಟ್ಟದ್ದು. ಪಾಸ್‌ವರ್ಡ್ ಎಷ್ಟೋ ಜನರಿಗೆ ನೆನಪಿಲ್ಲ. ಅಂಥ ವಿಳಾಸಗಳ ಪಟ್ಟಿಯನ್ನು ದುಡ್ಡು ಕೊಟ್ಟು ತಂದು, ಅಕ್ಟೋಬರ್ 23ರ ಕಿತ್ತೂರು ಉತ್ಸವದ ನೆಪದಲ್ಲಿ ರಿಯಾಯಿತಿಯ ಮೇಲ್ ಕಳಿಸಿದರೆ ಓದುವವರು ಯಾರು?

ಓದದಿದ್ದರೆ ಬಿಡಲಿ, ಕಳಿಸಲು ಖರ್ಚೇನು ಎನ್ನುವವರಿದ್ದಾರೆ. ಖರ್ಚಿದೆ, ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ ಅಷ್ಟೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿವೆ. ಸ್ಪ್ಯಾಮ್ ಎಂಬ ದೂರು ಶೇ 0.3 ಮುಟ್ಟಬಾರದು ಎನ್ನುತ್ತದೆ ಗೂಗಲ್. ಸಾವಿರಕ್ಕೆ ಮೂರು ಜನ ಗುಂಡಿ ಒತ್ತಿದರೆ ಮುಗಿಯಿತು. ಆಮೇಲೆ ಶಿಕ್ಷೆ ಜಾಹೀರಾತಿಗೆ ಮಾತ್ರವಲ್ಲ, ಕಳಿಸಿದವರ ಡೊಮೇನಿಗೇ ಬೀಳಬಹುದು. ರಾಮದುರ್ಗದ ಸೀರೆ ವ್ಯಾಪಾರಿಯೊಬ್ಬ ಪುಣೆಯ ಅಂಗಡಿಗೆ ಕಳಿಸಿದ ದರಪಟ್ಟಿ, ಬಿಲ್ಲು ಎಲ್ಲ ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದರೆ, ಆ ಅಂಗಡಿಯವರು ಇವನಿಗೆ ವ್ಯಾಪಾರದ ಆಸಕ್ತಿ ಇಲ್ಲವೆಂದೇ ತಿಳಿಯುತ್ತಾರೆ. ಆರ್ಡರು ಯಾಕೆ ತಪ್ಪಿತು ಎಂಬುದು ಇವನಿಗೆ ಗೊತ್ತೇ ಆಗುವುದಿಲ್ಲ. ಪಟ್ಟಿ ಮಾರಿದವನು ಮಾತ್ರ ‘ಇಷ್ಟು ಜನ ತೆರೆದು ನೋಡಿದ್ದಾರೆ’ ಎಂದು ಅಂಕಿ ತೋರಿಸುತ್ತಾನೆ. ಆ ಅಂಕಿಯನ್ನೂ ನಂಬುವಂತಿಲ್ಲ: 2021ರ ಸೆಪ್ಟೆಂಬರಿನಿಂದ ಆಪಲ್‌ನ ಮೇಲ್ ಆ್ಯಪ್, ಬಳಸುವವರು ಒಪ್ಪಿದರೆ, ಪತ್ರದೊಳಗಿನ ಚಿತ್ರಗಳನ್ನು ತಾನೇ ಮುಂಚಿತವಾಗಿ ಇಳಿಸಿಕೊಳ್ಳುತ್ತದೆ. ಚಿತ್ರ ಇಳಿದರೆ ತೆರೆದಂತೆ ಲೆಕ್ಕ, ಹಾಗಾಗಿ ಯಾರೂ ಓದದ ಪತ್ರವೂ ಓದಿದಂತೆ ಎಣಿಕೆಯಾಗುತ್ತದೆ.

ಇಷ್ಟು ಹೇಳಿದರೆ, ‘ಸಣ್ಣ ಊರಿಗೆ ಇಮೇಲೇ ಬೇಡ, ವಾಟ್ಸ್ಆ್ಯಪ್ ಸಾಕು’ ಎಂಬ ಇನ್ನೊಂದು ಸಿದ್ಧ ಉತ್ತರ ಬರುತ್ತದೆ. ಪಕ್ಕದ ಓಣಿಯ ಗಿರಾಕಿಗೆ ಸಾಕು, ನಿಜ. ಆದರೆ ಸುರೇಬಾನದ ಕೈಮಗ್ಗದ ಸೀರೆಯನ್ನು ಬೆಂಗಳೂರಿನ ಮಳಿಗೆಗೋ ಹೊರದೇಶದ ಕನ್ನಡ ಮನೆಗೋ ಮುಟ್ಟಿಸಬೇಕಾದವರಿಗೆ ಬಣ್ಣ, ಅಳತೆ, ದರ, ಗಡುವು ಬರಹದಲ್ಲಿ ಬೇಕು. ಎರಡು ತಿಂಗಳ ನಂತರ ತಕರಾರು ಬಂದರೆ ಹುಡುಕಿದಾಗ ಸಿಗಬೇಕು. ಅದಕ್ಕೆ ಇಮೇಲಿಗಿಂತ ಅಗ್ಗದ ಸಾಧನವಿಲ್ಲ. ಇಂಥ ಖರೀದಿದಾರರು ಐವತ್ತು ಜನ ಸಿಕ್ಕರೆ ಅದೇ ದೊಡ್ಡ ಪಟ್ಟಿ.

ವಿಚಿತ್ರವೆಂದರೆ, ಸಾವಿರ ಜನಕ್ಕೆ ಕೇಳದೆ ಬರೆಯುವ ವ್ಯಾಪಾರಿ, ತಾನಾಗಿ ಬರೆದು ಕೇಳಿದ ಒಬ್ಬನಿಗೆ ವಾರಗಟ್ಟಲೆ ಉತ್ತರಿಸುವುದಿಲ್ಲ. ಬೋರ್ಡಿನ ಮೇಲೆ ಇಮೇಲ್ ವಿಳಾಸ ಬರೆಸಿದವರು ಮುಂದಿನ ಜಾಹೀರಾತಿಗೆ ದುಡ್ಡು ಸುರಿಯುವ ಮೊದಲು ಆ ಇನ್‌ಬಾಕ್ಸನ್ನೊಮ್ಮೆ ತೆರೆಯಲಿ. ದರ ಕೇಳಿ ಬರೆದವರಿಗೆ ಮೊದಲು ಉತ್ತರ ಹೋಗಲಿ.